ಕುದುರೆ ಸಿನಿಮಾಕ್ಕೆ ವಿಮರ್ಶೆ ಬರೆಯುವ ಸುಲಭ ವಿಧಾನ

ಮಕ್ಕಳ ಸಿನಿಮಾ ಎಂದು ಗೊತ್ತಾದ ಕೂಡಲೇ ಬೆನ್ನು ಸಡಿಲಿಸಿ ಕೂರಿ. ಅರ್ಧ ಕೆಲಸ ಆಯಿತು. ಕೆಟ್ಟ ಸಿನಿಮಾವನ್ನು ಬೈಯುವುದು ಯಾರಿಗಾದರೂ ಬರುತ್ತದೆ, ಒಳ್ಳೆಯದನ್ನು ಕಣ್ಣೆದುರೇ ಇಟ್ಟುಕೊಂಡು ನೋಡದೇ ಇರುವುದಕ್ಕೆ ಮಾತ್ರ ತರಬೇತಿ ಬೇಕು. ಅಭ್ಯಾಸಕ್ಕೆ ಕ್ಯಾರಲ್ ಬ್ಯಾಲಾರ್ಡ್ ನಿರ್ದೇಶಿಸಿದ 1979ರ 'ದಿ ಬ್ಲ್ಯಾಕ್ ಸ್ಟಾಲಿಯನ್' ತೆಗೆದುಕೊಳ್ಳಿ.

ತಡವಾಗಿ ನೋಡಲು ಶುರುಮಾಡಿ. ಹಡಗು ಮುಳುಗುವ ಹೊತ್ತಿಗೆ ಕೂತರೂ ಸಾಕು. ಅಪ್ಪ ಮಗನ ಕೈಗೆ ಪುಟ್ಟ ಕುದುರೆ ಬೊಂಬೆ ಕೊಟ್ಟು, ಅಲೆಕ್ಸಾಂಡರ್ ಬುಸೆಫಲಸ್ ಎಂಬ ಕುದುರೆಯನ್ನು ಪಳಗಿಸಿದ ಕಥೆ ಹೇಳುವ ದೃಶ್ಯ ತಪ್ಪಿಹೋಗುತ್ತದೆ. ಹೋಗಲಿ. 'ಹುಡುಗನಿಗೆ ಈ ಕುದುರೆಯ ಮೇಲೆ ಇಷ್ಟೊಂದು ಸೆಳೆತ ಯಾಕೆಂದು ನಿರ್ದೇಶಕರು ಹೇಳಿಯೇ ಇಲ್ಲ' ಎಂದು ಆಕ್ಷೇಪಿಸಲು ಅನುಕೂಲವೇ ಆಯಿತು.

ಕಥೆಯನ್ನು ಮೊದಲ ಪ್ಯಾರಾದಲ್ಲೇ ಮುಗಿಸಿ. ಹುಡುಗ ಅಲೆಕ್ ಮತ್ತು ಕುದುರೆ ನಿರ್ಜನ ದ್ವೀಪ ಸೇರುತ್ತಾರೆ, ಸ್ನೇಹವಾಗುತ್ತದೆ, ಊರಿಗೆ ಬಂದು ರೇಸ್ ಗೆಲ್ಲುತ್ತಾರೆ. ಗೆಲ್ಲುವುದನ್ನು ಮರೆಯದೆ ಬರೆಯಿರಿ. ನಾಳೆ ನೋಡಲಿರುವ ಮಗುವಿನ ಆತಂಕ ಇವತ್ತೇ ಇಳಿಯಲಿ. ವಾಲ್ಟರ್ ಫಾರ್ಲಿಯ 1941ರ ಕಾದಂಬರಿ ಓದಿಲ್ಲವೇ? 'ಮೂಲ ಕೃತಿಯ ಆತ್ಮ ತೆರೆಯ ಮೇಲೆ ಬಂದಿಲ್ಲ' ಎನ್ನಿ. ಓದಿದವರು ಈ ಮಾತು ಬರೆಯಲು ಹಿಂಜರಿಯುತ್ತಾರೆ, ನಿಮಗೆ ಆ ತೊಂದರೆ ಇಲ್ಲ.

ದ್ವೀಪದ ಭಾಗದಲ್ಲಿ ಮಾತ್ರ ಬಹಳ ಹುಷಾರಾಗಿರಿ. ಹೆಚ್ಚು ಕಡಿಮೆ ಅರ್ಧ ಗಂಟೆ ಮಾತೇ ಇಲ್ಲ. ಬಂಡೆಗಳ ನಡುವೆ ಹಗ್ಗ ಸಿಕ್ಕಿಕೊಂಡು ಕುದುರೆ ಒದ್ದಾಡುತ್ತದೆ, ಹುಡುಗ ಚಾಕುವಿನಿಂದ ಹಗ್ಗ ಕೊಯ್ಯುತ್ತಾನೆ. ಆಮೇಲೆ ಕಡಲಪಾಚಿ ತಂದು ಅದರ ಮುಂದಿಡುತ್ತಾನೆ. ಕುದುರೆ ಕೊರಳು ಚಾಚುತ್ತದೆ, ಬೆದರುತ್ತದೆ, ಮತ್ತೆ ಬರುತ್ತದೆ. ಮುಂದೆ ಅವನು ಅದರ ಬೆನ್ನೇರುವುದು ನೀರಿನಲ್ಲೇ. ಕ್ಯಾಮೆರಾ ಅಲೆಯ ಕೆಳಗಿಳಿದು ಈಜುವ ಕಾಲುಗಳನ್ನು ನೋಡುತ್ತದೆ. ಫೋನ್ ತೆಗೆಯಲು ಇದೇ ಸರಿಯಾದ ಸಮಯ. ಬಾಕಿ ಇರುವ ಮೆಸೇಜುಗಳಿಗೆಲ್ಲ ಉತ್ತರ ಕೊಟ್ಟು ಮುಗಿಸಿ, 'ಮೊದಲಾರ್ಧಕ್ಕೆ ಇನ್ನಷ್ಟು ಕತ್ತರಿ ಪ್ರಯೋಗ ಬೇಕಿತ್ತು' ಎಂದು ಟಿಪ್ಪಣಿ ಮಾಡಿಕೊಳ್ಳಿ. ಪಕ್ಕದಲ್ಲಿ ಮಗು ಬಾಯಿ ತೆರೆದು ನೋಡುತ್ತಿದ್ದರೆ ಅತ್ತ ತಿರುಗಬೇಡಿ. ಅಭಿಪ್ರಾಯ ಕದಲುವ ಅಪಾಯವಿದೆ.

ಈ ಎಚ್ಚರ ತಪ್ಪಿದವರ ಗತಿ ನೋಡಿ. 'ನ್ಯೂಯಾರ್ಕರ್' ಪತ್ರಿಕೆಯ ವಿಮರ್ಶಕಿ ಪೌಲೀನ್ ಕೇಲ್ ದೊಡ್ಡ ದೊಡ್ಡವರ ಸಿನಿಮಾಗಳನ್ನೇ ಚಿಂದಿ ಮಾಡುತ್ತಿದ್ದ ಹೆಂಗಸು. ಈ ಚಿತ್ರಕ್ಕೆ ಪೂರ್ತಿ ಸೋತುಹೋದರು. ಇನ್ನೊಬ್ಬ ವಿಮರ್ಶಕ ರೋಜರ್ ಈಬರ್ಟ್ ದ್ವೀಪದ ಬೆರಗಿನ ಮುಂದೆ ರೇಸಿನ ಭಾಗ ಮಾಮೂಲಿಯಾಗಿ ಕಂಡಿತೆಂದು ಸರಿಯಾಗಿಯೇ ಶುರುಮಾಡಿದರು. ಆಮೇಲೆ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟುಬಿಟ್ಟರು! ನೀವು ಎರಡೂವರೆ ಕೊಡಿ. ಅಡ್ಡಗೋಡೆಯ ಮೇಲೆ ದೀಪ ಇಡಲು ಅದಕ್ಕಿಂತ ಒಳ್ಳೆಯ ಅಂಕಿ ಇಲ್ಲ.

ತಂತ್ರಜ್ಞರನ್ನು ಒಂದೇ ಸಾಲಿನಲ್ಲಿ ಸಾಗಹಾಕಿ. ಛಾಯಾಗ್ರಾಹಕ ಕೇಲಬ್ ಡೆಶನೆಲ್‌ಗೆ ಲಾಸ್ ಏಂಜಲೀಸ್ ವಿಮರ್ಶಕರ ಸಂಘ ಪ್ರಶಸ್ತಿ ಕೊಟ್ಟಿತು, ಆಸ್ಕರ್‌ನವರು ನಾಮನಿರ್ದೇಶನವನ್ನೂ ಮಾಡಲಿಲ್ಲ. ನೀವು ಆಸ್ಕರ್‌ನವರ ಜೊತೆ ನಿಂತು 'ಕ್ಯಾಮೆರಾ ಕಣ್ಣಿಗೆ ಹಬ್ಬ' ಎಂದಷ್ಟೇ ಹೇಳಿ. ಗೊರಸು, ಉಸಿರು, ಅಲೆಗಳ ಸದ್ದನ್ನು ಕೇಳಿಸಿಕೊಳ್ಳಲೇಬೇಡಿ. ಧ್ವನಿ ಸಂಕಲನಕ್ಕೆ ವಿಶೇಷ ಆಸ್ಕರ್ ಪಡೆದ ಆಲನ್ ಸ್ಪ್ಲೆಟ್ ಸಮಾರಂಭಕ್ಕೇ ಬರಲಿಲ್ಲ, ನಿರೂಪಕ ಜಾನಿ ಕಾರ್ಸನ್ ಅದನ್ನೇ ಹಿಡಿದು ಹಾಸ್ಯ ಮಾಡಿದ. ಆ ಪ್ರಸಂಗ ಬರೆಯಿರಿ, ಜಾಗ ತುಂಬುತ್ತದೆ.

ನಟನೆ ಸುಲಭ. ಮಿಕಿ ರೂನಿ 1944ರ 'ನ್ಯಾಷನಲ್ ವೆಲ್ವೆಟ್'ನಲ್ಲೇ ಕುದುರೆ ಪಳಗಿಸಿದ್ದವರು, ಇಲ್ಲಿನ ಮುದಿ ತರಬೇತುದಾರನ ಪಾತ್ರಕ್ಕೆ ಪೋಷಕ ನಟನ ಆಸ್ಕರ್ ನಾಮನಿರ್ದೇಶನ ಪಡೆದರು. 'ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ' ಎನ್ನಿ. ಮಾತಿಲ್ಲದೆ ಅರ್ಧ ಗಂಟೆ ಚಿತ್ರ ಹೊತ್ತ ಹುಡುಗ ಕೆಲ್ಲಿ ರೆನೊಗೆ 'ಭರವಸೆ ಮೂಡಿಸುತ್ತಾನೆ' ಸಾಕು. ಮನಸಾರೆ ಹೊಗಳಲೇಬೇಕೆನಿಸಿದರೆ ಕುದುರೆಯನ್ನು ಹೊಗಳಿ, ಅದು ಎಂದೂ ನಿಮ್ಮ ಮೇಲೆ ಮುನಿಸಿಕೊಳ್ಳುವುದಿಲ್ಲ. ಅದರ ಹೆಸರು ಕ್ಯಾಸ್ ಓಲೆ, ಅರಬ್ಬಿ ತಳಿ. ಬಿಳಿ ಗುರುತುಗಳಿಗೆ ಕಪ್ಪು ಬಣ್ಣ ಬಳಿದಿದ್ದರು ಎಂಬುದನ್ನು ನೀವೇ ಪತ್ತೆಹಚ್ಚಿದವರಂತೆ ಬರೆಯಿರಿ.

ಕೊನೆಗೆ 'ಮಕ್ಕಳೊಂದಿಗೆ ಒಮ್ಮೆ ನೋಡಲಡ್ಡಿಯಿಲ್ಲ' ಎಂದು ಮುಗಿಸಿ. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು. ಯಾರಾದರೂ ಅದನ್ನು ತಂದು ಮುಖಕ್ಕೆ ಹಿಡಿದರೆ ಗಾಬರಿಯಾಗಬೇಡಿ. 'ನೋಡಲಡ್ಡಿಯಿಲ್ಲ ಅಂತ ನಾನು ಅವತ್ತೇ ಹೇಳಿದ್ದೆನಲ್ಲ' ಎನ್ನಿ.