ಪಟೋಪದ್ರವ ಮೀಮಾಂಸೆ ಅಥವಾ ಗೋಡೆಯ ದೇವರು ನೀಲಿಯಾಗುವ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ನಡುಮನೆಗಳನ್ನು ಕತ್ತೆತ್ತಿ ನೋಡಿದ ಯಾವ ವಿದ್ವಾಂಸನಿಗೂ ಒಂದು ಸಂಗತಿ ಹೊಳೆಯದೆ ಇರದು: ಇಲ್ಲಿ ಸಕಲ ದೇವತೆಗಳೂ ಕಾಲಕ್ರಮದಲ್ಲಿ ನೀಲಿಯಾಗುತ್ತಾರೆ. ಕೆಂಪು ಸೀರೆಯ ಲಕ್ಷ್ಮಿ, ಅರಿಶಿನ ಮೈಯ ಗಣಪತಿ, ಕಾವಿಯುಟ್ಟ ಗುರುಗಳು, ಗೊಬ್ಬರದಂಗಡಿ ಕ್ಯಾಲೆಂಡರಿನಲ್ಲಿದ್ದ ಟೊಮೇಟೊ, ಯಾರೂ ಇದಕ್ಕೆ ಹೊರತಲ್ಲ. ಕಟ್ಟಕಡೆಗೆ ಎಲ್ಲವೂ ಕೃಷ್ಣನಲ್ಲಿ ಲೀನ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೆ ಎನ್ನುವುದು ವೈಷ್ಣವ ಪಕ್ಷ. ಶೈವರು ಇದನ್ನೊಪ್ಪುವುದಿಲ್ಲ; ಕಂಠದಲ್ಲಿದ್ದ ನಂಜು ಮೇಲೇರಿದೆ, ಅಷ್ಟೇ ಎನ್ನುತ್ತಾರೆ. ಮೂರನೆಯದು ಮುದ್ರಣದವರ ಮತ. ಅಗ್ಗದ ಆಫ್‌ಸೆಟ್ ಶಾಯಿಯಲ್ಲಿ ಹಳದಿ, ಕೆಂಪು ಬಿಸಿಲಿಗೆ ಬೇಗ ಸಾಯುತ್ತವೆ, ನೀಲಿ ಮತ್ತು ಕಪ್ಪು ಉಳಿದುಕೊಳ್ಳುತ್ತವೆ ಎಂಬುದು ಅವರ ವಾದ. ಇದರಲ್ಲಿ ಭಕ್ತಿಯ ಲವಲೇಶವೂ ಇಲ್ಲವಾದ್ದರಿಂದ ಇದೇ ನಿಜವಿರಬೇಕು.

ಈಗ ಇತಿಹಾಸ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಪ್ರೆಸ್ಸು ತೆರೆದ. ಅದು ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಜರ್ಮನಿಯ ಸುಣ್ಣಕಲ್ಲಿನ ಮೇಲೆ ಬಣ್ಣಕ್ಕೊಂದರಂತೆ ಚಿತ್ರ ಬರೆದು, ಒಂದೇ ಹಾಳೆಯನ್ನು ಅಷ್ಟೂ ಕಲ್ಲುಗಳ ಮೇಲೆ ಒತ್ತಿ ತೆಗೆಯುತ್ತಿದ್ದರು. ಅರಮನೆಯಲ್ಲಿದ್ದ ಸರಸ್ವತಿ ಹೀಗೆ ಹಜಾರಕ್ಕೆ ಬಂದಳು. ಪ್ರೆಸ್ಸು 1972ರಲ್ಲಿ ಬೆಂಕಿಗೆ ಆಹುತಿಯಾದ್ದರಿಂದ ನಿಮ್ಮ ಅಟ್ಟದಲ್ಲಿರುವುದು ಅಸಲೋ ನಕಲೋ ಎಂಬ ಪ್ರಶ್ನೆಗೆ ಈಗ ಬೆಲೆ ಬಂದಿದೆ. ಭೂತಗನ್ನಡಿ ಹಿಡಿಯಿರಿ. ಚುಕ್ಕಿಗಳು ಅಡ್ಡಾದಿಡ್ಡಿಯಾಗಿದ್ದರೆ ಕಲ್ಲಚ್ಚು; ಸಾಲುಗಟ್ಟಿ ಶಿಸ್ತಾಗಿ ನಿಂತಿದ್ದರೆ ಆಫ್‌ಸೆಟ್ಟು. ಇನ್ನು ದೇವಿಯ ಸೀರೆಗೆ ನಿಜವಾದ ಜರಿ, ಚಮಕಿ ಹೊಲಿದಿದ್ದರೆ ಅದು ನಿಮ್ಮ ಮುತ್ತಜ್ಜಿಯ ಕಾಲದ ಹೆಂಗಸರ ಕೈಕೆಲಸ. ಜರಿ ಕಪ್ಪಗಾಗಿದೆಯೆಂದು ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಇದನ್ನು ಬರೆಯಬೇಕಾಗಿ ಬಂದಿದೆ ಎಂದರೆ ಯಾರೋ ತಿಕ್ಕಿದ್ದಾರೆ ಎಂದೇ ಅರ್ಥ.

ಪಟದ ಶತ್ರುಗಳಲ್ಲಿ ಮೊದಲನೆಯವನು ಕಟ್ಟು ಹಾಕುವವನು. ಅವನು ಚಿತ್ರವನ್ನು ಗಾಜಿಗೆ ಒತ್ತಿ, ಹಿಂದೆ ಅಗ್ಗದ ರಟ್ಟು ಕೊಟ್ಟು, ಮೈದಾ ಅಂಟಿನಲ್ಲಿ ಹಳೇ ಪೇಪರು ಮೆತ್ತಿ, ಮೊಳೆ ಹೊಡೆಯುತ್ತಾನೆ. ರಟ್ಟಿನ ಆಮ್ಲ ಕಾಗದವನ್ನು ಕಂದು ಮಾಡುತ್ತದೆ. ಮೈದಾ ವಾಸನೆಗೆ ಬೆಳ್ಳಿ ಮೈಯ ಹುಳ ಬರುತ್ತದೆ. ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೇ ಅಂಟುತ್ತದೆ. ಕಿತ್ತರೆ ದೇವರ ಮೂಗು ಗಾಜಿನಲ್ಲಿ ಉಳಿಯುತ್ತದೆ. ಆದ್ದರಿಂದ ಕೀಳಬೇಡಿ. ಆಮ್ಲವಿಲ್ಲದ ರಟ್ಟು ಕೇಳಿ ಹಾಕಿಸಿ, ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟಿನ ಅಂತರ ಬಿಡಿಸಿ. "ದುಡ್ಡು ಜಾಸ್ತಿ ಆಗ್ತದೆ ಸಾರ್, ದೇವ್ರ ಪಟಕ್ಕೆ ಯಾರೂ ಹಾಕ್ಸಲ್ಲ" ಎಂದು ಅಂಗಡಿಯವನು ಹೇಳುತ್ತಾನೆ. ಮದುವೆ ಫೋಟೋಗೆ ಹಾಕಿಸುತ್ತಾರಂತೆ.

ತೇವದ ವಿಷಯದಲ್ಲಿ ಅರಕಲಗೂಡಿನವರಿಗೆ ಪಾಠ ಹೇಳುವುದು ಅಧಿಕಪ್ರಸಂಗ. ಹೊಗೆಸೊಪ್ಪು ಬೇಯಿಸಿದ ಮೇಲೆ ಎಲೆ ಗರಿಗರಿಯಾಗಿದ್ದಾಗ ಮುಟ್ಟಿದರೆ ಪುಡಿ, ತೇವ ಹೆಚ್ಚಾದರೆ ಬೂಷ್ಟು. ನಡುವಿನ ಹದಕ್ಕೆ ಕಾದು ಕೂರುವುದು ಅಲ್ಲಿನ ರೈತನಿಗೆ ಗೊತ್ತು. ಕಾಗದಕ್ಕೂ ಅದೇ ಹದ. ಸಂಗ್ರಹಾಲಯದವರು ಅದನ್ನು ಸುಮಾರು ಶೇಕಡಾ 50 ತೇವಾಂಶ ಎನ್ನುತ್ತಾರೆ, ಚಿತ್ರದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕೂ ಬೇಡವೆನ್ನುತ್ತಾರೆ. ನಡುಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ. ಈ ಸಿದ್ಧಾಂತವನ್ನು ಅರಕಲಗೂಡಿನ ಒಬ್ಬ ಅಜ್ಜಿಯ ಮುಂದೆ ಮಂಡಿಸಲಾಯಿತು.

"ಬೆಳಕು ಬೀಳ್ದಂಗೆ ಇಡ್ಬೇಕು ಕಣಜ್ಜಿ. ಹೊಗೇನೂ ತಾಗ್ಬಾರ್ದು."

"ದೀಪ ಹಚ್ಚಂಗಿಲ್ಲ, ಗಂಧದ್ಕಡ್ಡಿ ಹಚ್ಚಂಗಿಲ್ಲ ಅಂದ್ಮೇಲೆ ಅದು ದೇವ್ರೇನ್ಲಾ ಮಗ, ಇಲ್ಲಾ ಬ್ಯಾಂಕ್ನಾಗಿಟ್ಟಿರೋ ವಡವೇನಾ?"

ಪೂರ್ವಪಕ್ಷ ಪ್ರಬಲವಾಗಿದೆ. ದೀಪವನ್ನು ಪಟದ ನೇರ ಕೆಳಗಿಡದೆ ಮೊಳ ದೂರ ಪಕ್ಕಕ್ಕಿಡಬಹುದು, ಕುಂಕುಮವನ್ನು ಕಾಗದಕ್ಕಲ್ಲದೆ ಗಾಜಿಗಿಡಬಹುದು ಎಂಬ ರಾಜಿಸೂತ್ರಕ್ಕೆ ಅಜ್ಜಿ "ನೋಡಾನ" ಎಂದರು.

ಹೊಳೆನರಸೀಪುರದ ಹಳೇ ಮನೆಗಳಲ್ಲಿ ಪಟವನ್ನು ಮುಂದಕ್ಕೆ ಬಾಗಿಸಿ ತೂಗುಹಾಕುವ ಪದ್ಧತಿಯಿತ್ತು. ಹಿಂದೆ ಗಾಳಿಯಾಡಲೆಂದು ಇಂದಿನ ಶಾಸ್ತ್ರವೂ ಅಂತರ ಬಿಡಿ ಎನ್ನುತ್ತದೆ. ಆದರೆ ಆ ಜಾಗ ಗುಬ್ಬಚ್ಚಿಯ ಖಾತೆಗೆ ಸೇರಿಹೋಗಿತ್ತು. ಹೆಚ್ಚು ಬರೆಯುವುದಿಲ್ಲ.

ಚನ್ನರಾಯಪಟ್ಟಣದಿಂದ ತಕರಾರೊಂದಿದೆ. ನಮ್ಮ ಶ್ರವಣಬೆಳಗೊಳದ 58 ಅಡಿ ಗೊಮ್ಮಟ ಸಾವಿರ ವರ್ಷದಿಂದ ಬಟ್ಟಬಯಲಲ್ಲಿ ನಿಂತಿದ್ದಾನೆ, ಗಾಜಿಲ್ಲ, ಕಟ್ಟಿಲ್ಲ. ಒಂದು ಪಟಕ್ಕೆ ಇಷ್ಟೆಲ್ಲ ಉಪಚಾರವೇಕೆ? ಉತ್ತರ: ಅವನದು ಗಟ್ಟಿ ಕಲ್ಲು. ಮೇಲಾಗಿ ಅವನಿಗೆ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. ನಿಮ್ಮ ಮನೆಯ ಲಕ್ಷ್ಮಿಗೆ ಪ್ರತಿ ಶುಕ್ರವಾರ ಒದ್ದೆಬಟ್ಟೆಯ ಅಭಿಷೇಕ ನಡೆಯುತ್ತಿದೆ, ನೀರು ಗಾಜಿನಂಚಿನಿಂದ ಒಳಗಿಳಿದು ಪಾದದ ಹತ್ತಿರ ಕಂದು ಕರೆ ಕಟ್ಟಿದೆ. ಒಣಬಟ್ಟೆ ಸಾಕು.

ಉಳಿದದ್ದು ಹಾಸನ. ಸಂರಕ್ಷಣಾ ಶಾಸ್ತ್ರವನ್ನು ಯಾರೂ ಓದದೆಯೇ ಆಚರಣೆಗೆ ತಂದ ಊರು ಇದು. ಹಾಸನಾಂಬೆಯ ಬಾಗಿಲು ಆಶ್ವಯುಜದಲ್ಲಿ ತೆರೆದು ದೀಪಾವಳಿ ಮುಗಿಯುತ್ತಲೇ ಮುಚ್ಚುತ್ತದೆ. ಉಳಿದ ದಿನ ಬಿಸಿಲಿಲ್ಲ, ಕೈಸೋಂಕಿಲ್ಲ. ಈ ಮಾದರಿಯನ್ನು ಮನೆಗೂ ಅಳವಡಿಸಬಹುದೆಂದು ನಮ್ಮ ಶಿಫಾರಸು: ಮೂಲಪ್ರತಿಯನ್ನು ಸ್ಕ್ಯಾನ್ ಮಾಡಿಸಿ ನಕಲನ್ನು ಗೋಡೆಗೆ ಹಾಕಿ, ಮೂಲವನ್ನು ಬೀರುವಿನಲ್ಲಿ ಮಟ್ಟಸವಾಗಿ ಮಲಗಿಸಿ, ವರ್ಷಕ್ಕೊಮ್ಮೆ ಹೊರತೆಗೆದು ದರ್ಶನ ಕೊಡಿಸಿ. ಒಂದು ಮನೆಯಲ್ಲಿ ಪ್ರಯೋಗವೂ ನಡೆದಿದೆ. ಬೀಗದಕೈ ಯಾರ ಸೊಂಟದಲ್ಲಿರಬೇಕೆಂಬ ಬಗ್ಗೆ ಅತ್ತೆಗೂ ಸೊಸೆಗೂ ಮತಭೇದವಿದೆ. ವಿಶೇಷ ದರ್ಶನದ ಪಾಸು ಮಾತ್ರ ಅಳಿಯನಿಗೆ ಆಗಲೇ ಸಿಕ್ಕಿದೆ.