ಗೇಟು ಹಾಕಿದ್ರಾ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹಿತ್ತಾಳೆ ಹಂಡೆ ಕಳುವಾದ ವಾರವೇ ನಮ್ಮಲ್ಲಿ ನಾಯಿಯ ಮಾತು ಎದ್ದಿತು. ಕಳ್ಳ ಹಂಡೆ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಆದರೂ ಮೈಸೂರಿನ ಕುವೆಂಪುನಗರದಂಥ ಪಿಂಚಣಿದಾರರ ಬಡಾವಣೆಯಲ್ಲಿ ಒಂದು ಹಂಡೆ ಹೋದರೆ ಹತ್ತು ಮನೆಯ ನಿದ್ದೆ ಹೋಗುತ್ತದೆ. "ತಂದ್ರೆ ರಾಟ್‌ವೀಲರ್ ತರಬೇಕು ಭಾವ" ಎಂದ ನನ್ನ ಭಾವಮೈದ. ಅವನಿರುವುದು ಬೆಂಗಳೂರಿನ ಒಂಬತ್ತನೇ ಮಹಡಿಯಲ್ಲಿ, ಸಾಕಿರುವುದು ಎರಡು ಬಣ್ಣದ ಮೀನು. ಇದನ್ನು ನಾನು ಆಗಲೇ ಗಮನಿಸಬೇಕಿತ್ತು.

ಮರಿ ಮಾರುವವನನ್ನು ನಾನು ಕೇಳಿದ್ದು ಬೆಲೆ ಒಂದೇ. ನನ್ನ ಹೆಂಡತಿ ಮಾತ್ರ "ಇದರ ತಾಯಿ ಎಲ್ಲಪ್ಪಾ?" ಎಂದಳು. "ತಾಯಿ ಊರಿಗೆ ಹೋಗಿದೆ ಮೇಡಂ" ಎಂದ. ನಾವಿಬ್ಬರೂ ಸರಿ ಎಂಬಂತೆ ತಲೆಯಾಡಿಸಿದೆವು! ಈ ಜಾತಿಗೆ ಸೊಂಟದ ಕೀಲಿನ ತೊಂದರೆ ವಂಶದಲ್ಲೇ ಬರುತ್ತದೆ, ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ನೋಡಿಯೇ ಮರಿ ತರಬೇಕು ಎಂದು ಪಶುವೈದ್ಯರು ಹೇಳಿದ್ದು ಆಮೇಲೆ. ನನಗೆ ಹೆಣ್ಣು ನೋಡಲು ಹೋದಾಗ ಮೂರು ತಲೆಮಾರಿನ ಸಕ್ಕರೆ ಕಾಯಿಲೆಯನ್ನು ವಿಚಾರಿಸಿದ್ದ ಅಮ್ಮ ಆ ದಿನ ಹೇಗೆ ಸುಮ್ಮನಿದ್ದಳೋ. ಈಗ ನುಣುಪು ಟೈಲ್ಸಿನ ಮೇಲೆ ಅದರ ಕಾಲು ಜಾರದಿರಲೆಂದು ಹಾಲಿನಿಂದ ಅಡುಗೆಮನೆಯವರೆಗೆ ಗೋಣಿತಾಟು ಹಾಸಿದ್ದೇವೆ. ಮನೆಗೆ ಬಂಡೀಪಾಳ್ಯದ ಮಂಡಿಯ ಕಳೆ ಬಂದಿದೆ.

ಐದೂವರೆ ಕಿಲೋ ಇದ್ದ ಮರಿಯನ್ನು ಮಡಿಲಿಗೆ ಹಾಕಿಕೊಂಡು ಅಮ್ಮ 'ಪುಟ್ಟ' ಎಂದು ಕರೆದಳು. ಹೆಸರು ನಿಂತಿತು, ಪುಟ್ಟ ನಿಲ್ಲಲಿಲ್ಲ. ಈಗ ಅವನ ತೂಕ 48 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ. ಒಂದೂವರೆ ಸಿಲಿಂಡರು ನಿಮ್ಮನ್ನು ಕಂಡ ಖುಷಿಗೆ ಓಡಿಬಂದು ಮೊಣಕಾಲಿಗೆ ಒರಗಿದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಹೀಗೆ ಮೈಯೆಲ್ಲ ಭಾರ ಬಿಟ್ಟು ಒರಗುವುದು ಈ ಜಾತಿಯ ಪ್ರೀತಿಯಂತೆ. ದೇವರ ಮನೆಯ ಬಾಗಿಲಿಗೆ ಒತ್ತಿಸಿಕೊಂಡ ಅಮ್ಮ ಒಂದು ದಿನ ಮಂಗಳಾರತಿ ಮುಗಿದ ಮೇಲೂ ಹದಿನೈದು ನಿಮಿಷ ಅಲ್ಲೇ ಇದ್ದಳು. ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಯಾರೂ ಬಿಡಿಸಲು ಹೋಗಲಿಲ್ಲ.

ಜರ್ಮನಿಯ ರಾಟ್‌ವೈಲ್ ಎಂಬ ಊರಿನ ಕಟುಕರು ಸಾಕಿಕೊಂಡಿದ್ದ ತಳಿ ಇದು. ದನ ಹೊಡೆಯುವುದು, ಮಾಂಸದ ಗಾಡಿ ಎಳೆಯುವುದು ಇದರ ಕುಲಕಸುಬು. ಸಂತೆಯಿಂದ ಮರಳುವಾಗ ಹಣದ ಚೀಲವನ್ನು ಇದರ ಕೊರಳಿಗೇ ಕಟ್ಟುತ್ತಿದ್ದರಂತೆ. ಇಂಥ ಮನೆತನದವನು ಬಂದು ಸೇರಿದ್ದು ಏಕಾದಶಿಗೆ ಅನ್ನ ಬೇಯದ, ಈರುಳ್ಳಿ ಹಿತ್ತಲ ಬಾಗಿಲಿನಿಂದಲೇ ಬರುವ ನಮ್ಮ ಮನೆಗೆ. ಮೊಸರನ್ನದಲ್ಲೇ ಬೆಳೆಸುತ್ತೇವೆಂದದ್ದಕ್ಕೆ ಪಶುವೈದ್ಯರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ಭಾನುವಾರ ಕೋಳಿ ಅಂಗಡಿಯ ಸಾಲಿನಲ್ಲಿ ಹೆಲ್ಮೆಟ್ ತೆಗೆಯದೆ ನಿಂತೆ. ಮುಂದಿದ್ದವರೂ ತೆಗೆದಿರಲಿಲ್ಲ. ದನಿ ಕೇಳಿ ಗುರುತು ಹತ್ತಿತು: ನಮ್ಮ ಸಹಸ್ರನಾಮ ಪಾರಾಯಣದ ಗುಂಪಿನವರು. "ನಾಯಿಗೆ" ಎಂದೆ. "ನಮ್ಮದೂ ನಾಯಿಗೇ" ಎಂದರು. ಅವರ ಮನೆಯಲ್ಲಿ ನಾಯಿ ಇಲ್ಲ.

ಉಂಡ ಮೇಲೆ ಅವನು ಒಂದು ಗಂಟೆಯಾದರೂ ಕುಣಿಯಬಾರದು. ಎದೆ ಅಗಲದ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಗಂಟೆಗಳಲ್ಲೇ ಪ್ರಾಣ ಹೋಗುತ್ತದೆ. ಹಾಗಾಗಿ ಪುಟ್ಟನ ಊಟವಾದ ಮೇಲೆ ಮನೆಯಲ್ಲಿ ಮಿಕ್ಸಿ ಇಲ್ಲ, ಟೀವಿ ಇಲ್ಲ, ಗಟ್ಟಿ ಮಾತೂ ಇಲ್ಲ. ನನಗೆ ರಕ್ತದೊತ್ತಡ ಬಂದಾಗಲೂ ಇಷ್ಟು ಶಾಂತಿ ಸಿಕ್ಕಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಕೊಡೆಯ ವಿಷಯದಲ್ಲಿ. ಮರಿಗೆ ಮೂರು ನಾಲ್ಕು ತಿಂಗಳು ತುಂಬುವುದರೊಳಗೆ ಲೋಕವನ್ನೆಲ್ಲ ತೋರಿಸಿಬಿಡಬೇಕು. ಹೆಲ್ಮೆಟ್ಟು, ಗಡ್ಡ, ಆಟೋ, ಕುಕ್ಕರಿನ ಸೀಟಿ, ಗಲಾಟೆ ಮಾಡುವ ಮಕ್ಕಳು, ಎಲ್ಲ. ಆಗ ನೋಡದಿದ್ದದ್ದು ಮುಂದೆ ಅನುಮಾನದ ಪಟ್ಟಿಗೆ ಸೇರುತ್ತದೆ. ನಾವು ಶ್ರದ್ಧೆಯಿಂದ ಒಂದೊಂದನ್ನೂ ತೋರಿಸಿದೆವು. ಆದರೆ ಪುಟ್ಟ ಬಂದದ್ದು 2023ರ ಸಂಕ್ರಾಂತಿಗೆ. ನಮ್ಮ ಕೊಡೆಗಳು ಅಟ್ಟದಿಂದ ಇಳಿದದ್ದು ಮೇ ತಿಂಗಳಲ್ಲಿ. ಅಷ್ಟರಲ್ಲಿ ಕಾಲ ಮಿಂಚಿತ್ತು. ಮೊದಲ ಮಳೆಗೆ ನಾನು ಪಟ್ಟೆಂದು ಕೊಡೆ ಬಿಚ್ಚಿದ್ದೇ ತಡ, ಈ ಮನೆಯ ಯಜಮಾನನನ್ನು ಯಾವುದೋ ಕರಿ ಪ್ರಾಣಿ ತಲೆಯಿಂದ ನುಂಗುತ್ತಿದೆ ಎಂದು ಅವನು ತೀರ್ಮಾನಿಸಿದ. ನನ್ನನ್ನು ಕಾಪಾಡಿದ. ಕೊಡೆ ಉಳಿಯಲಿಲ್ಲ. ಅಂದಿನಿಂದ ನಾವು ಮೂವರೂ ಮಳೆಯಲ್ಲಿ ನೆನೆದುಕೊಂಡೇ ಗೇಟು ದಾಟಿ, ಬೀದಿಯ ತಿರುವಿನಲ್ಲಿ ಕೊಡೆ ಬಿಚ್ಚುತ್ತೇವೆ.

2024ರ ಮಾರ್ಚಿನಲ್ಲಿ 23 ಜಾತಿಯ ನಾಯಿಗಳನ್ನು ಸಾಕಲು ಬಿಡಬೇಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಎದುರುಮನೆಯ ಯಜಮಾನರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪಟ್ಟಿಯಲ್ಲಿದ್ದ ರಾಟ್‌ವೀಲರ್ ಎಂಬ ಹೆಸರಿಗೆ ಕೆಂಪು ಗೆರೆ ಎಳೆದು ಪೇಪರನ್ನು ಗೇಟಿನ ಸಂದಿಯಿಂದ ತೂರಿಸಿದರು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು, ಸಂಬಂಧಪಟ್ಟವರ ಮಾತನ್ನು ಕೇಳದೆ ಹೊರಡಿಸಿದ ಸುತ್ತೋಲೆ ಎಂದು ಅದನ್ನು ರದ್ದು ಮಾಡಿತು. ಆ ಪೇಪರನ್ನು ನಾನೂ ಅವರ ಗೇಟಿನ ಸಂದಿಗೆ ಸಿಕ್ಕಿಸಿದೆ. "ಕೋರ್ಟು ಒಪ್ಪಿದರೆ ನನ್ನ ಎದೆ ಒಪ್ಪಬೇಕಲ್ಲ ಸ್ವಾಮಿ" ಎಂದರು. ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಬೀದಿಗೆಲ್ಲ ಮೊದಲು ಅವರೇ ಓದಿ ಹೇಳಿದ್ದು ಅದರ 291ನೇ ಕಲಮು: ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓದುವಾಗ ನನ್ನ ಕಡೆಗೆ ಒಮ್ಮೆಯೂ ನೋಡಲಿಲ್ಲ, ಅದು ಅವರ ದೊಡ್ಡತನ. ಎಳ್ಳು ಬೀರಲು ಬರುವ ಅವರ ಮೊಮ್ಮಗಳು ಮಾತ್ರ ಈಗ ಕಾಂಪೌಂಡಿನ ಮೇಲಿಂದಲೇ ಕೈ ಚಾಚುತ್ತಾಳೆ.

ಕಳ್ಳನ ಭಯವಿದ್ದ ಕಾಲದಲ್ಲಿ ಗೇಟಿಗೆ ಚಿಲಕ ಹಾಕಿದೆನೋ ಇಲ್ಲವೋ ಎಂದು ನಾನು ರಾತ್ರಿ ಎದ್ದು ನೋಡಿದವನೇ ಅಲ್ಲ. ಈಗ "ರೀ, ಗೇಟು ಹಾಕಿದ್ರಾ?" ಎಂಬ ಪ್ರಶ್ನೆಗೆ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ಹಾಲಿನವನು ಬರುವ ಮುಂಚೆ ಐದಕ್ಕೊಮ್ಮೆ ಎದ್ದು ಟಾರ್ಚು ಹಿಡಿದು ಹೋಗುತ್ತೇನೆ. ಒಳಗೆ ಯಾರಾದರೂ ಬಂದಾರು ಎಂದಲ್ಲ, ಒಳಗಿನವನು ಹೊರಗೆ ಹೋದಾನು ಎಂದು. ಪುಟ್ಟ ಒಂದು ಕಣ್ಣು ತೆರೆದು, ಗೂರ್ಖಾ ಸುತ್ತು ಮುಗಿಸಿದ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಗೊರಕೆ ಹೊಡೆಯುತ್ತಾನೆ.

ನಮ್ಮ ಮನೆಗೆ ಬರುವುದಿದ್ದರೆ ಖಂಡಿತ ಬನ್ನಿ. ಚಿಲಕ ಮಾತ್ರ ಮುಟ್ಟಬೇಡಿ, ಗೇಟಿನ ಹೊರಗೇ ನಿಂತು ಫೋನ್ ಮಾಡಿ. ಮಳೆ ಇದ್ದರೆ ದಯವಿಟ್ಟು ಕೊಡೆಯನ್ನು ತಿರುವಿನಲ್ಲೇ ಮಡಚಿಕೊಳ್ಳಿ.