97 ಡಿಗ್ರಿಯ ಡ್ರೈವರ್

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬೆಂಗಳೂರಿನ ನೆಂಟರಿಗೆ ಇಷ್ಟು ಹೇಳಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಹೊರಗೆ 42 ಡಿಗ್ರಿ ಅಂತಲೂ ಹೇಳಿದ ಮೇಲೆ ಸುಮ್ಮನಾಗುತ್ತಾರೆ. ನೌಕರರು ಉರಿಬಿಸಿಲಲ್ಲಿ ಬೇಯದೆ ಮನೆ ಸೇರಿ, ಫ್ಯಾನಿನ ಕೆಳಗೆ ಕಾಲು ಚಾಚಲಿ ಎಂಬುದು ಆದೇಶದ ಉದ್ದೇಶ. ಆ ಹೊತ್ತಿನಲ್ಲಿ ನಾನು ಯುರೋಪಿನಲ್ಲಿ ಟ್ರಕ್ ಓಡಿಸುತ್ತೇನೆ.

ಲ್ಯಾಪ್‌ಟಾಪ್ ಮಗನದು. ಎಂಜಿನಿಯರಿಂಗಿಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು, ಸಾದಾ ಲ್ಯಾಪ್‌ಟಾಪಿನಲ್ಲಿ ಸೇತುವೆ ಕಟ್ಟಲಾಗುವುದಿಲ್ಲ ಎಂದು ಸಾಧಿಸಿ ಕಂತಿನಲ್ಲಿ ಕೊಡಿಸಿಕೊಂಡ. ಅದನ್ನೂ ಇಟ್ಟಿಗೆಯಷ್ಟು ತೂಗುವ ಅದರ ಚಾರ್ಜರನ್ನೂ ಹೊತ್ತು ಹಾಸ್ಟೆಲಿನ ಮೆಟ್ಟಿಲು ಹತ್ತಿಳಿದ ಮೇಲೆ, ಸೇತುವೆ ಹಗುರ ಲ್ಯಾಪ್‌ಟಾಪಿನಲ್ಲೂ ನಿಲ್ಲುತ್ತದೆಂಬ ಜ್ಞಾನೋದಯವಾಯಿತು. ಹಳೆಯದು ಮನೆಗೆ ಬಂತು. ಕೀಲಿಗಳ ಕೆಳಗೆ ಬಣ್ಣ ಬದಲಿಸುವ ದೀಪ, ಮೈತುಂಬ ಕಿಂಡಿ, ಮೇಲೆ ತೀರದ ಕಂತು. ಸಿಬ್ಬಂದಿ ಶಾಖೆಯಲ್ಲಿ ಪ್ರಥಮ ದರ್ಜೆ ಸಹಾಯಕನಾದ ನಾನು ಮೊದಮೊದಲು ಅದರಲ್ಲಿ ಎಕ್ಸೆಲ್ ಶೀಟುಗಳನ್ನೇ ತೆರೆಯುತ್ತಿದ್ದೆ. ಆಮೇಲೆ ಮಗ ಬಿಟ್ಟುಹೋಗಿದ್ದ ‘ಯುರೋ ಟ್ರಕ್ ಸಿಮ್ಯುಲೇಟರ್ 2’ ಕಣ್ಣಿಗೆ ಬಿತ್ತು.

ಪ್ರಾಗ್‌ನ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ತಂದ ಆಟ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಸರಕು ಹೇರಿಕೊಂಡು ರಾಟರ್‌ಡ್ಯಾಮಿನಿಂದ ಹೊರಡಬೇಕು, ಸಿಗ್ನಲ್ಲಿಗೆ ನಿಲ್ಲಬೇಕು, ನಿದ್ದೆ ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಮಲಗಬೇಕು, ಗೊತ್ತಾದ ಗಡುವಿನೊಳಗೆ ಸರಕು ಮುಟ್ಟಿಸಬೇಕು. ತಪ್ಪಿದರೆ ದಂಡ. ಸರ್ಕಾರಿ ನೌಕರನಿಗೆ ಇದಕ್ಕಿಂತ ಒಗ್ಗುವ ಆಟ ಇನ್ನೊಂದಿಲ್ಲ. ವಾಸ್ತವದಲ್ಲಿ ನನಗೆ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರುವುದಷ್ಟೇ ಬರುತ್ತದೆ ಎಂಬ ಸಂಗತಿ ಇಲ್ಲಿ ಅಪ್ರಸ್ತುತ.

ಮೇ ತಿಂಗಳಲ್ಲಿ ಟ್ರಕ್ಕು ತಡವರಿಸತೊಡಗಿತು. ಸರಾಗವಾಗಿ ಹೋಗುತ್ತಿದ್ದದ್ದು ಒಮ್ಮೆಲೆ ಗಕ್ಕನೆ ನಿಂತು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆಲ್ಲೋ ಪ್ರತ್ಯಕ್ಷವಾಗುತ್ತಿತ್ತು. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಯಾವುದೋ ಒಂದು ಚಿತ್ರ 150 ಮಿಲಿಸೆಕೆಂಡು ತೆಗೆದುಕೊಂಡಿತು ಅನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದ ಟ್ರಕ್ಕು ಅಷ್ಟರಲ್ಲಿ ಡ್ರೈವರಿಗೆ ತಿಳಿಸದೆ ಮೂರು ಮೀಟರಿಗೂ ಹೆಚ್ಚು ಹೋಗಿಬಿಟ್ಟಿರುತ್ತದೆ. ಸೆಕೆಂಡಿಗೆಷ್ಟು ಚಿತ್ರವೆಂದು ತೋರಿಸುವ ಪರದೆಯ ಮೂಲೆಯ ಅಂಕಿ ಮಾತ್ರ 55ರ ಆಸುಪಾಸಿನಲ್ಲೇ ಇರುತ್ತಿತ್ತು, ಯಾಕೆಂದರೆ ಅದು ಸರಾಸರಿ. ಕೆಲಸ ನಿಂತ ತಿಂಗಳುಗಳನ್ನು ಸರಾಸರಿಯಲ್ಲಿ ಮುಚ್ಚಿ ಜಿಲ್ಲಾ ಮಟ್ಟಕ್ಕೆ ಪ್ರಗತಿ ವರದಿ ಕಳಿಸುವ ನನಗೇ ಸರಾಸರಿ ಕೈಕೊಟ್ಟಿತು.

ಒಂದು ಅನುಕೂಲವೂ ಇತ್ತು, ಮುಚ್ಚಿಡುವುದಿಲ್ಲ. ತಿರುವಿನಲ್ಲಿ ಕಾರಿಗೆ ತಾಗಿಸಿದ್ದು, ಟೋಲ್ ಗೇಟಿನ ಕಂಬ ಸವರಿದ್ದು, ಹಿಮ್ಮುಖ ಬರುವಾಗ ಗೋದಾಮಿನ ಗೋಡೆಗೆ ಬಡಿದದ್ದು, ಎಲ್ಲ ನಷ್ಟವನ್ನೂ ತಡವರಿಕೆಯ ಖಾತೆಗೇ ಹಾಕಿದೆ.

ಕಚೇರಿಯಲ್ಲಿ ವಿಷಯ ತಿಳಿಯುತ್ತಲೇ ಸಲಹೆಗಳು ಬಂದವು. ಟಪಾಲು ಶಾಖೆಯವರು ವೈರಸ್ ಅಂದರು. ಲೆಕ್ಕ ಶಾಖೆಯವರು ಫ್ರಿಜ್ಜಿನಲ್ಲಿಡಲು ಹೇಳಿದರು. ಅವರು ಹೇಳಿದ್ದಕ್ಕೆಲ್ಲ ಆಡಿಟ್ ಆಕ್ಷೇಪಣೆ ಬರುವುದು ಗೊತ್ತಿದ್ದರಿಂದ ಬಿಟ್ಟೆ. ನನಗೇ ಒಂದು ಉಪಾಯ ಹೊಳೆಯಿತು. ನಮ್ಮ ಮನೆಯ ಕೂಲರ್ ಹಳ್ಳಿಯ ಹಿಟ್ಟಿನ ಗಿರಣಿಗಿಂತ ಜೋರಾಗಿ ಸದ್ದು ಮಾಡಿದರೂ ಗಾಳಿ ತಂಪು. ತೊಟ್ಟಿ ತುಂಬಿಸಿ, ಲ್ಯಾಪ್‌ಟಾಪನ್ನು ಅದರ ಬಾಯಿಗೆ ಹಿಡಿದು ಕೂತೆ. ಸ್ವಲ್ಪ ಹೊತ್ತು ಟ್ರಕ್ಕು ಚೆನ್ನಾಗಿಯೇ ಓಡಿತು. ಆಮೇಲೆ ಬ್ರೇಕಿನ ಕೀಲಿಯ ಮೇಲೆ ಸಾಸಿವೆ ಕಾಳಿನಷ್ಟು ನೀರಿನ ಹನಿ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು.

ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಫೋನು ಹಚ್ಚಿದೆ.

“ಮಾಮಾ, ಮೊದಲ ಆ ಕೂಲರ್ ಬಂದ್ ಮಾಡ್ರಿ. ಹಸಿ ಗಾಳಿ ಒಳಗ ಹೋದ್ರ ಬೋರ್ಡೇ ಹೋಗ್ತದ. ಟೆಂಪರೇಚರ್ ಎಷ್ಟ್ ತೋರಸ್ತದ?”

ಟೆಂಪರೇಚರ್ ತೋರಿಸುವ ಸಾಫ್ಟ್‌ವೇರನ್ನು ಅವನೇ ಹಾಕಿಸಿದ. ಆಟ ನಡೆಯುವಾಗ ನೋಡಿದರೆ ಪ್ರೊಸೆಸರ್ 97.

“ನೀರು ಕುದೀಲಿಕ್ಕೆ ಮೂರು ಕಡಿಮಿ ಅದ ನೋಡು!” ಎಂದು ಕಿರುಚಿದೆ.

ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು: “ಗ್ಯಾಸ್ ಮುಗೀಲಿಕ್ಕೆ ಬಂದದ. ಚಹಾದ ಬೋಗುಣಿ ಅದರ ಮ್ಯಾಲೇ ಇಡಲೇನ್ರಿ?”

ಅಳಿಯ ವಿವರಿಸಿದ. ಇಂಥ ಪ್ರೊಸೆಸರುಗಳಿಗೆ ಸುಮಾರು 100 ಡಿಗ್ರಿಯ ಮಿತಿ ಇರುತ್ತದೆ. ಹತ್ತಿರ ಬಂದರೆ ಸುಟ್ಟುಕೊಳ್ಳದಿರಲೆಂದು ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ತುಸು ಆರಿದ ಕೂಡಲೇ ಮತ್ತೆ ಏರಿಸುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ಇಳಿಸುತ್ತದೆ. ಈ ಹತ್ತಿಳಿಯುವ ಆಟವೇ ನನ್ನ ಟ್ರಕ್ಕಿನ ಎಗರಾಟ. ಫ್ಯಾನು ಎಷ್ಟು ಬಡಿದುಕೊಂಡರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ನಮ್ಮ ಕೋಣೆಯ ಗಾಳಿಯೋ, ಒಳಬರುವ ಮೊದಲೇ ಅರ್ಧ ಬೆಂದಿರುತ್ತದೆ. ಒಟ್ಟಿನಲ್ಲಿ ಸರ್ಕಾರ ಹೊರಡಿಸಿದ ಬೇಸಿಗೆಯ ಆದೇಶವನ್ನು ಆ ಪ್ರೊಸೆಸರ್ ಚಾಚೂ ತಪ್ಪದೆ ಪಾಲಿಸುತ್ತಿತ್ತು. 1.30 ದಾಟಿದ ಮೇಲೆ ದುಡಿಸಿಕೊಳ್ಳುತ್ತಿದ್ದವನು ನಾನು.

“ಎಲ್ಲಿಟ್ಟು ಆಡ್ತೀರಿ ಮಾಮಾ?”

“ಮಂಚದ ಮ್ಯಾಲ. ಕೌದಿ ಮ್ಯಾಲ.”

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಈ ಲ್ಯಾಪ್‌ಟಾಪುಗಳು ಗಾಳಿ ಎಳೆಯುವುದು ಹೊಟ್ಟೆಯ ಕೆಳಗಿನಿಂದ. ನಮ್ಮ ಅವ್ವ ಹಳೇ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ಮೇಲೆ ಅದನ್ನಿಟ್ಟು, ಮೂಗು ಬಾಯಿ ಎರಡೂ ಮುಚ್ಚಿ, ಇಡೀ ಯುರೋಪು ಸುತ್ತಿಸಿದ್ದೆ.

ಭಾನುವಾರ ಬಿಚ್ಚುವ ಕಾರ್ಯಕ್ರಮ. ಅಳಿಯ ವಿಡಿಯೊ ಕಾಲಿನಲ್ಲಿದ್ದ. ಹಿಂಬದಿಯ ಮುಚ್ಚಳ ತೆಗೆದು ಮೊದಲು ಬ್ಯಾಟರಿಯ ತಂತಿ ಬಿಡಿಸಿದೆವು. ಒಳಗೆ ತಾಮ್ರದ ಚಪ್ಪಟೆ ಕೊಳವೆಗಳು. ಅವು ಟೊಳ್ಳು, ಒಳಗೆ ಹನಿಗಳ ಲೆಕ್ಕದಲ್ಲಿ ದ್ರವ ಇರುತ್ತದೆ. ಬಿಸಿ ಕಡೆ ಆವಿಯಾಗಿ, ಫ್ಯಾನಿನ ಕಡೆ ತಣಿದು, ಮತ್ತೆ ವಾಪಸು ಬರುತ್ತದೆ. ಇಷ್ಟು ಅಚ್ಚುಕಟ್ಟಾಗಿ ಹೋಗಿಬರುವ ಕಡತವನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲ. ಫ್ಯಾನಿಗೂ ತೆಳು ರೆಕ್ಕೆಗಳ ಸಾಲಿಗೂ ನಡುವೆ ಬೆರಳುದ್ದದ ಬೂದು ಪಟ್ಟಿ. ಅದೂ ಯಂತ್ರದ ಭಾಗವೇ ಇರಬೇಕೆಂದು ಮುಟ್ಟಲು ಹೆದರಿದೆ. ಚಿಮಟದಿಂದ ಎಳೆದರೆ ಇಡಿಯಾಗಿ ಬಂತು: ಧೂಳು, ಕೂದಲು, ನಡುವೆ ಇಳಕಲ್ ಸೀರೆಯ ಕೆಂಪು ನೂಲು.

“ಬಾಯಿಲೆ ಊದಬ್ಯಾಡ್ರಿ, ಉಗುಳು ಬೀಳ್ತದ” ಅಂದ. ಪಕ್ಕದ ಮನೆಯಿಂದ ಸೈಕಲ್ ಪಂಪು ತಂದೆ. ಫ್ಯಾನಿನ ರೆಕ್ಕೆಗೆ ಹಲ್ಲುಕಡ್ಡಿ ಅಡ್ಡ ಹಿಡಿದೇ ಗಾಳಿ ಹೊಡೆಯಬೇಕಂತೆ, ಇಲ್ಲದಿದ್ದರೆ ಅತಿವೇಗಕ್ಕೆ ತಿರುಗಿ ಬೇರಿಂಗು ಕೆಡಬಹುದು. ಹೆಂಡತಿ ಹಲ್ಲುಕಡ್ಡಿ ಹಿಡಿದಳು, ನಾನು ಪಂಪು ಹೊಡೆದೆ. ಎದ್ದ ಧೂಳಿಗೆ ಇಬ್ಬರೂ ಸೀನಿದೆವು. ಅಳಿಯ ಬೆಂಗಳೂರಿನಲ್ಲಿ ಸುರಕ್ಷಿತವಾಗಿದ್ದ.

ಆಮೇಲೆ ಆ ಕೊಳವೆಗಳನ್ನು ಹೊತ್ತು ಪ್ರೊಸೆಸರಿನ ಮೇಲೆ ಕೂತಿದ್ದ ಹೀಟ್‌ಸಿಂಕ್. ಅದರ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಂಕಿ ಕೆತ್ತಿರುತ್ತಾರೆ. ಬಿಗಿಯುವಾಗ ಅದೇ ಕ್ರಮ, ಬಿಚ್ಚುವಾಗ ತಿರುಗುಮುರುಗು, ಸಾಲಾಗಿ ಅಲ್ಲ, ಮೂಲೆಯಿಂದ ಎದುರು ಮೂಲೆಗೆ. ಆಗ ಒತ್ತಡ ಎಲ್ಲ ಕಡೆ ಸಮ ಬೀಳುತ್ತದೆ. ಅಳಿಯ ಮೂರು ಸಲ ಒತ್ತಿ ಹೇಳಿದ. ಹೇಳಬೇಕಿರಲಿಲ್ಲ. ಜ್ಯೇಷ್ಠತಾ ಪಟ್ಟಿ ತಪ್ಪಿದರೆ ಏನಾಗುತ್ತದೆಂದು ಸಿಬ್ಬಂದಿ ಶಾಖೆಯವನಿಗೆ ಯಾರೂ ಕಲಿಸಬೇಕಿಲ್ಲ. ಇಡೀ ಪ್ರಕರಣದಲ್ಲಿ ನಾನು ನಿರ್ದೋಷವಾಗಿ ಮಾಡಿದ ಕೆಲಸ ಇದೊಂದೇ.

ಹೀಟ್‌ಸಿಂಕಿನ ಕೆಳಗೆ ಒಣಗಿ ಹಕ್ಕಳೆಯಾಗಿದ್ದ ಹಳೆ ಥರ್ಮಲ್ ಪೇಸ್ಟ್ ಒರೆಸಿ, ಹೊಸದನ್ನು ಹಚ್ಚಬೇಕಿತ್ತು. ಬಟಾಣಿ ಕಾಳಿನಷ್ಟು ಸಾಕೆಂದ. ಟ್ಯೂಬು ಮೊದಲು ಬರಲೇ ಇಲ್ಲ, ಆಮೇಲೆ ಬಂದದ್ದು ನಿಲ್ಲಲಿಲ್ಲ. ಆ ಬೂದು ಪೇಸ್ಟಿಗೆ ಒರೆಸಿದಷ್ಟೂ ಹಬ್ಬುವ ಗುಣವಿದೆ. ನನ್ನ ಬನಿಯನ್ನು, ಕುಕ್ಕರಿನ ಹಿಡಿ, ಸ್ವಿಚ್ ಬೋರ್ಡು ಎಲ್ಲ ಕಡೆ ಹರಡಿ, ಉಳಿದ ಬಟಾಣಿಯಷ್ಟು ಪ್ರೊಸೆಸರಿಗೂ ಸಿಕ್ಕಿತು. ಇವತ್ತಿಗೂ ನಮ್ಮ ಕುಕ್ಕರಿನ ಹಿಡಿ ಉತ್ತಮ ಉಷ್ಣವಾಹಕ.

ಕೊನೆಗೆ ವಿಂಡೋಸಿನ ಪವರ್ ಆಯ್ಕೆಗಳಿಗೆ ಹೋಗಿ, ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಲು ಹೇಳಿದ. ಒಂದು ಪರ್ಸೆಂಟಿಗೆ ಏನಾದೀತು ಎಂದು ನಕ್ಕೆ. ಆದರೆ 99 ಅಂದ ಕೂಡಲೇ ಟರ್ಬೊ ಪೂರ್ತಿ ಬಂದ್. 5 ಗಿಗಾಹರ್ಟ್ಸ್‌ವರೆಗೆ ಹಾರುತ್ತಿದ್ದ ಪ್ರೊಸೆಸರ್ ತನ್ನ ಮೂಲ ವೇತನ 2.6ಕ್ಕೆ ಬಂದು ಕೂರುತ್ತದೆ. ಭತ್ಯೆ ಕಡಿತವಾದರೂ ಟ್ರಕ್ಕು ಓಡಿಸಲು ಅಷ್ಟು ಸಾಕು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಹಿಂಬದಿಗೆ ಎರಡು ಕೇರಂ ಸ್ಟ್ರೈಕರ್ ಕೊಟ್ಟು ಎತ್ತರಿಸಿದೆ. ಟೆಂಪರೇಚರ್ 78. ಹೆಂಡತಿಗೂ ತೋರಿಸಿದೆ. “ಚಹಾ ಆಗೂದಿಲ್ಲ ಹಂಗಾದ್ರ” ಅಂದಳು.

ಆದರೂ ಟ್ರಕ್ಕು ತಡವರಿಸುತ್ತಿತ್ತು! ಮೊದಲಿನಷ್ಟಲ್ಲ; ಗಡಿಯಾರ ಹಿಡಿದಂತೆ, ಕರಾರುವಾಕ್ಕಾಗಿ, ಎರಡೆರಡು ಸೆಕೆಂಡಿಗೊಮ್ಮೆ ಒಂದು ಸಣ್ಣ ಬಿಕ್ಕಳಿಕೆ. ಫೋನಿನಲ್ಲಿ ಅಳಿಯ ಬಹಳ ಹೊತ್ತು ಯೋಚಿಸಿ ಕೇಳಿದ: “ಮಾಮಾ, ಟೆಂಪರೇಚರ್ ನೋಡೂ ಸಾಫ್ಟ್‌ವೇರ್ ಇನ್ನೂ ಚಾಲೂ ಅದ ಏನು?”

“ಅದ. ನೀ ಹೇಳಿದ್ದು ಒಂದು. ಅದು ಖರೆ ಹೇಳ್ತದೋ ಇಲ್ಲೋ ನೋಡಲಿಕ್ಕೆ ಇನ್ನೊಂದು. ಫ್ಯಾನಿನ ಸ್ಪೀಡಿಗೆ ಬ್ಯಾರೆ. ಗ್ರಾಫ್ ಬರೀಲಿಕ್ಕೆ ಮತ್ತೊಂದು.”

ಕೆಲವು ಲ್ಯಾಪ್‌ಟಾಪುಗಳಲ್ಲಿ ಫ್ಯಾನು, ಬ್ಯಾಟರಿ, ಉಷ್ಣತೆಯ ಲೆಕ್ಕ ಇಡುವ ಸಣ್ಣ ಚಿಪ್ಪೊಂದು ಬಹಳ ನಿಧಾನಿ. ಪ್ರತಿ ಸಲ ಅದನ್ನು ಕರೆದು ‘ಈಗೆಷ್ಟು?’ ಎಂದು ಕೇಳಿದರೆ, ಅದು ಉತ್ತರ ಕೊಡುವವರೆಗೆ ಉಳಿದವರೂ ಕಾಯಬೇಕಾಗುತ್ತದೆ. ನಾನೋ ಅದಕ್ಕೆ ನಾಲ್ಕು ಕಡೆಯಿಂದ, ಎರಡೆರಡು ಸೆಕೆಂಡಿಗೆ, ತುರ್ತು ವರದಿ ಕೇಳುತ್ತಿದ್ದೆ. ಜಿಲ್ಲಾ ಕಚೇರಿಯಿಂದ ನಮಗೆ ಬರುವ ‘ಇಂದೇ, ಈಗಲೇ, ಖುದ್ದು ಗಮನ’ದ ಪತ್ರಗಳನ್ನು ಬಯ್ಯುತ್ತ ಬಂದವನು, ಮನೆಯಲ್ಲಿ ಜಿಲ್ಲಾ ಕಚೇರಿಯನ್ನೇ ತೆರೆದು ಕೂತಿದ್ದೆ.

ನಾಲ್ಕನ್ನೂ ಮುಚ್ಚಿದೆ. ಬಿಕ್ಕಳಿಕೆ ನಿಂತಿತು. ರಾಟರ್‌ಡ್ಯಾಮ್ ಬಿಟ್ಟ ಟ್ರಕ್ಕು ಎಣ್ಣೆ ಸವರಿದ ಹಾಗೆ ಹೊರಟಿತು. ಮರಗಳು ಸಾಲಾಗಿ ಸರಿದವು, ಒಂದೂ ಎಗರಲಿಲ್ಲ. ಮುಂದೆ ಟೋಲ್ ಗೇಟು ಕಂಡಿತು. ಸ್ಪಷ್ಟವಾಗಿ, ಸೆಕೆಂಡಿಗೆ 60 ಚಿತ್ರಗಳಲ್ಲಿ, ಒಂದು ಚೂರೂ ತಡವರಿಸದೆ, ಅತ್ಯಂತ ಸರಾಗವಾಗಿ ಹೋಗಿ ಟ್ರಕ್ಕು ಅದರ ಕಂಬಕ್ಕೆ ಗುದ್ದಿತು. ಪರದೆಯ ಮೇಲೆ ಡ್ಯಾಮೇಜಿನ ಅಂಕಿ ಏರಿತು.

“ಈಗ ಹ್ಯಾಂಗದ ಮಾಮಾ?”

“ಇನ್ನೂ ಸ್ವಲ್ಪ ಬಿಸಿ ಅದ ಅನಸ್ತದ, ನೋಡು” ಅಂದೆ.